ಹ್ಯಾಟು, ಕೋಲು ಬರುವುದಕ್ಕೆ ಮುಂಚಿನ ಚಾಪ್ಲಿನ್

ಚಾರ್ಲಿ ಚಾಪ್ಲಿನ್‌ಗೆ ಸಂಬಂಧಿಸಿದ ವಸ್ತು ಕೂಡಿಡುತ್ತೇನೆ ಅಂದರೆ ಜನ ಮೊದಲು ಕೇಳುವುದು, 'ಹ್ಯಾಟ್ ಇದೆಯಾ?' ಇಲ್ಲ. ಹ್ಯಾಟೂ ಇಲ್ಲ, ಕೋಲೂ ಇಲ್ಲ, ಮೀಸೆಯ ಗೊಂಬೆಯೂ ಇಲ್ಲ. ನನ್ನ ಪೆಟ್ಟಿಗೆ 1913ರ ಡಿಸೆಂಬರ್‌ಗೆ ಮುಗಿಯುತ್ತದೆ. ಅವನು ಅಮೆರಿಕದ ಕೀಸ್ಟೋನ್ ಎಂಬ ಸಿನಿಮಾ ಕಂಪನಿ ಸೇರಿ ಸಿನಿಮಾದವನಾದ ತಿಂಗಳು ಅದು. ಅದಕ್ಕೂ ಮುಂಚಿನ ಇಪ್ಪತ್ನಾಲ್ಕು ವರ್ಷ ಮಾತ್ರ ನನ್ನ ಪಾಲಿಗೆ.

ಶುರುವಾದದ್ದು ಸುಮ್ನೆ. ಕೆಲಸಕ್ಕೆಂದು ಲಂಡನ್‌ಗೆ ಬಂದ ಹೊಸತರಲ್ಲಿ ಕೆನ್ನಿಂಗ್ಟನ್‌ನಲ್ಲಿ ಬಾಡಿಗೆಗಿದ್ದೆ. ಹತ್ತಿರದಲ್ಲೇ ಸಿನಿಮಾ ಮ್ಯೂಸಿಯಂ. ಅದು ಇರುವುದು ಹಳೆಯ ಲ್ಯಾಂಬೆತ್ ವರ್ಕ್‌ಹೌಸ್ ಕಟ್ಟಡದಲ್ಲಿ. ಗತಿಯಿಲ್ಲದವರನ್ನು ಸೇರಿಸಿಕೊಂಡು, ಅನ್ನ ಹಾಕಿ, ದುಡಿಸುತ್ತಿದ್ದ ಜಾಗ. ಚಿಕ್ಕವನಿದ್ದಾಗ ಚಾಪ್ಲಿನ್ ಅಲ್ಲೂ ಇದ್ದ. 1896ರ ಜೂನ್‌ನಿಂದ ಸುಮಾರು ಒಂದೂವರೆ ವರ್ಷ ಹ್ಯಾನ್‌ವೆಲ್‌ನ ಬಡ ಮಕ್ಕಳ ಶಾಲೆಯಲ್ಲಿ ಕಳೆದ. ಒಂದು ಶನಿವಾರ ಹಳೇ ಪೋಸ್ಟ್‌ಕಾರ್ಡ್ ಅಂಗಡಿಯಲ್ಲಿ ಆ ಶಾಲೆಯ ಚಿತ್ರ ಸಿಕ್ಕಿತು. ನಾಲ್ಕು ಪೌಂಡ್. ಮಾರುವವನಿಗೆ ಅದು ಬರೀ ಒಂದು ಕಟ್ಟಡ.

ಈ ಕೆಲಸದ ಗುಟ್ಟು ಆ ಕಾರ್ಡ್‌ನಲ್ಲೇ ಇತ್ತು. ಅರ್ಥವಾಗಲು ನನಗೆ ಮೂರು ವರ್ಷ ಹಿಡಿಯಿತು. ಬಡವರ ಮಗುವಿನ ಹೆಸರನ್ನು ಯಾರು ಅಚ್ಚು ಹಾಕಿಸುತ್ತಾರೆ? ವರ್ಕ್‌ಹೌಸ್ ರಿಜಿಸ್ಟರಿನಲ್ಲಿ ಇರುತ್ತದೆ. ಅದು ಸರ್ಕಾರದ ಆಸ್ತಿ. ಲಂಡನ್ ಆರ್ಕೈವ್ಸ್‌ಗೆ ಹೋಗಿ ನೋಡಿ ಬರಬಹುದು, ಅಷ್ಟೇ. ಅವನು ಹುಟ್ಟಿದ್ದಕ್ಕೆ ಸರ್ಟಿಫಿಕೇಟ್ ಕೂಡ ಇದುವರೆಗೆ ಸಿಕ್ಕಿಲ್ಲ. ಹಾಗಾಗಿ 'ಚಾಪ್ಲಿನ್' ಎಂದು ಹುಡುಕಿದರೆ ನಿಮ್ಮ ಕೈಗೆ ಬರುವುದು ಬರೀ 1915ರ ನಂತರದ ಸರಕು. ತಂಡದ ಹೆಸರು, ಥಿಯೇಟರಿನ ಹೆಸರು, ತಾರೀಖು ಇಟ್ಟುಕೊಂಡು ಹುಡುಕಬೇಕು.

ಇದಕ್ಕೆ ಒಂದೇ ಅಪವಾದ ಅವನ ಅಪ್ಪ. ಅವನ ಹೆಸರೂ ಚಾರ್ಲ್ಸ್ ಚಾಪ್ಲಿನ್. ಹಾಡು, ಹಾಸ್ಯ, ಕುಣಿತ ನಡೆಯುತ್ತಿದ್ದ ಮ್ಯೂಸಿಕ್ ಹಾಲ್‌ಗಳ ಗಾಯಕ. ಕುಡಿತಕ್ಕೆ ಬಿದ್ದು 1901ರಲ್ಲಿ, 38ನೇ ವಯಸ್ಸಿಗೇ ತೀರಿಕೊಂಡ. ಅವನು ಹಾಡಿದ ಹಾಡುಗಳ ಸ್ವರಲಿಪಿಯ ಹಾಳೆಗಳು 1890ರ ದಶಕದಲ್ಲಿ ಅಚ್ಚಾದವು. ಕೆಲವುಗಳ ಮುಖಪುಟದಲ್ಲಿ ಅವನ ಚಿತ್ರವೂ ಇದೆ. ನಾನು ಕೊಂಡದ್ದು 'ಊಯಿ! ಟ್ರೇ ಬಾಂಗ್!' ಹಾಡಿನ ಹಾಳೆ. ಖುಷಿಗೆ ಫ್ರೇಮ್ ಹಾಕಿಸಿ ಕಿಟಕಿ ಎದುರಿನ ಗೋಡೆಗೆ ತೂಗುಹಾಕಿದೆ. ಎರಡು ಬೇಸಿಗೆಗೆ ಕೆಂಪು ಬಣ್ಣ ಹಾರಿಹೋಗಿ ಒಣಗಿದ ಇಟ್ಟಿಗೆ ಥರ ಆಯಿತು. ಲಂಡನ್ ಬಿಸಿಲಿಗೆ ಏನಾಗುತ್ತೆ ಅಂದುಕೊಂಡಿದ್ದೆ! ಈಗ ಎಲ್ಲವೂ ಆಸಿಡ್ ಇಲ್ಲದ ಪೆಟ್ಟಿಗೆಯಲ್ಲಿ, ಪಾಲಿಯೆಸ್ಟರ್ ಕವರಿನಲ್ಲಿ. ಪಿವಿಸಿ ಕವರ್ ಬೇಡ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ.

ಮೋಸ ಹೋದದ್ದೂ ಇದೆ. ಎಂಟು ಒಂಬತ್ತು ವರ್ಷದ ಹೊತ್ತಿಗೆ ಚಾಪ್ಲಿನ್ 'ಎಯ್ಟ್ ಲ್ಯಾಂಕಾಶೈರ್ ಲ್ಯಾಡ್ಸ್' ಎಂಬ ಹುಡುಗರ ತಂಡ ಸೇರಿದ್ದ. ಮರದ ಚಪ್ಪಲಿ ತೊಟ್ಟು ಕುಣಿಯುವವರು. ಒಬ್ಬ ವ್ಯಾಪಾರಿ ಆ ತಂಡದ ಫೋಟೋ ಪೋಸ್ಟ್‌ಕಾರ್ಡ್ ತೋರಿಸಿ, 'ಎಡದಿಂದ ಮೂರನೆಯವನೇ ಚಾಪ್ಲಿನ್' ಅಂದ. 85 ಪೌಂಡ್ ಎಣಿಸಿಕೊಟ್ಟೆ. ಮನೆಗೆ ಬಂದು ಹಿಂಬದಿ ನೋಡಿದರೆ ನಡುವೆ ಗೆರೆ. ಒಂದು ಕಡೆ ವಿಳಾಸ, ಇನ್ನೊಂದು ಕಡೆ ಕಾಗದ ಬರೆಯುವ ಜಾಗ. ಬ್ರಿಟನ್‌ನಲ್ಲಿ ಹೀಗೆ ಎರಡು ಭಾಗ ಮಾಡಿದ ಕಾರ್ಡು ಬಂದದ್ದೇ 1902ರಲ್ಲಿ. ಅಷ್ಟು ಹೊತ್ತಿಗೆ ಅವನು ತಂಡ ಬಿಟ್ಟಾಗಿತ್ತು. ತಂಡ ಮಾತ್ರ ಆಮೇಲೂ ನಡೆಯುತ್ತಿತ್ತು. ಮೂರನೆಯವನು ಯಾರೋ ಪಾಪದ ಹುಡುಗ. ಆ ಕಾರ್ಡನ್ನು ಎಸೆದಿಲ್ಲ, ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ.

ಅಂದಿನಿಂದ ಜೇಬಿನಲ್ಲಿ ಎರಡು ಸಾಮಾನು. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಪುಟ್ಟ ಯುವಿ ಟಾರ್ಚು. ಹಳೇ ಅಚ್ಚುಮೊಳೆಯ ಅಕ್ಷರ ಕಾಗದವನ್ನು ಒತ್ತಿರುತ್ತದೆ, ಹಿಂದೆ ಬೆರಳಾಡಿಸಿದರೆ ಎಷ್ಟೋ ಸಲ ಗೊತ್ತಾಗುತ್ತದೆ. ಕಂಪ್ಯೂಟರ್ ಪ್ರಿಂಟಿನಲ್ಲಿ ಚುಕ್ಕೆ ಚುಕ್ಕೆ ಕಾಣುತ್ತದೆ. ಟಾರ್ಚಿಗೆ ಕಾಗದ ನೀಲಿಯಾಗಿ ಹೊಳೆದರೆ ಅದು ಸುಮಾರು 1950ರ ಈಚಿನದು. ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆಸಲು ಶುರು ಮಾಡಿದ್ದೇ ಆಮೇಲೆ. ನಕಲಿ ಸಹಿ ಹಿಡಿಯುವುದು ಇಷ್ಟು ಸುಲಭವಲ್ಲ. ಅದಕ್ಕೇ ನಾನು ಸಹಿಗಳ ತಂಟೆಗೇ ಹೋಗುವುದಿಲ್ಲ.

ನನಗೆ ಜಾಸ್ತಿ ಹುಚ್ಚು ಇರುವುದು ಷರ್ಲಾಕ್ ಹೋಮ್ಸ್ ನಾಟಕದ ಮೇಲೆ. 1903ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಚಾಪ್ಲಿನ್‌ಗೆ ಬಿಲ್ಲಿ ಎಂಬ ಆಳುಹುಡುಗನ ಪಾತ್ರ ಸಿಕ್ಕಿತು. ವಾರಕ್ಕೆ ಎರಡೂವರೆ ಪೌಂಡ್. ಓದಲು ಸರಿಯಾಗಿ ಬರುತ್ತಿರಲಿಲ್ಲ. ಅಣ್ಣ ಸಿಡ್ನಿ ಓದಿ ಹೇಳಿ ಮಾತು ಬಾಯಿಪಾಠ ಮಾಡಿಸಿದ. ಎಚ್. ಎ. ಸೇಂಟ್ಸ್‌ಬರಿ ಹೋಮ್ಸ್ ಆಗಿದ್ದ ಆ ತಂಡ ಜುಲೈ 27ರಂದು ವೈಟ್‌ಚಾಪೆಲ್‌ನ ಪೆವಿಲಿಯನ್ ಥಿಯೇಟರಿನಲ್ಲಿ ಶುರು ಮಾಡಿ ಊರೂರು ಸುತ್ತಿತು.

ಇಂಥ ನಾಟಕಗಳ ಹ್ಯಾಂಡ್‌ಬಿಲ್‌ಗಳ ತೊಂದರೆ ಏನೆಂದರೆ ವಾರ, ತಾರೀಖು ಇರುತ್ತದೆ, ಇಸವಿ ಇರುವುದಿಲ್ಲ. ಆ ವಾರಕ್ಕೆ ಅಂಟಿಸಿ ಎಸೆಯುವ ಕಾಗದಕ್ಕೆ ಇಸವಿ ಯಾಕೆ, ಅಲ್ವಾ? ಆಗ ಹಳೇ ಕ್ಯಾಲೆಂಡರ್ ತೆಗೆಯಬೇಕು. 'ಸೋಮವಾರ, ಜುಲೈ 27' ಎಂದಿದ್ದರೆ 1903 ಆಗಬಹುದು, 1908 ಆಗಬಹುದು, 1914 ಕೂಡ. ಮುಂದೆ 'ದಿ ಎರಾ', 'ದಿ ಸ್ಟೇಜ್' ಎಂಬ ರಂಗಭೂಮಿಯ ವಾರಪತ್ರಿಕೆಗಳನ್ನು ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ನಲ್ಲಿ ತಿರುವಿ ಹಾಕಿ, ಆ ವಾರ ಯಾವ ತಂಡ ಯಾವ ಊರಿನಲ್ಲಿತ್ತು ಎಂದು ಹುಡುಕಬೇಕು. ಎಷ್ಟೋ ಭಾನುವಾರ ಇದರಲ್ಲೇ ಕಳೆದಿವೆ. ಮನೆಯವರ ಅಭಿಪ್ರಾಯ ಇಲ್ಲಿ ಬೇಡ.

1908ರಲ್ಲಿ ಚಾಪ್ಲಿನ್ ಫ್ರೆಡ್ ಕಾರ್ನೋ ಎಂಬವನ ಹಾಸ್ಯ ನಾಟಕ ಕಂಪನಿ ಸೇರಿದ ಮೇಲೆ ಕಾಗದ ಧಾರಾಳವಾಗಿ ಸಿಗುತ್ತದೆ. ಆದರೆ ಅದರ ತುಂಬ ಕಾರ್ನೋನದೇ ಹೆಸರು. ನಮ್ಮ ಕಂಪನಿ ನಾಟಕದ ಹ್ಯಾಂಡ್‌ಬಿಲ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾರ್ನೋಗೂ ಮುಂಚೆ, 1905ರ ಅಕ್ಟೋಬರ್‌ನಲ್ಲಿ ಚಾಪ್ಲಿನ್ ಲಂಡನ್‌ನ ಡ್ಯೂಕ್ ಆಫ್ ಯಾರ್ಕ್ಸ್ ಥಿಯೇಟರಿನಲ್ಲಿ, ಹೋಮ್ಸ್ ಪಾತ್ರಕ್ಕೆ ಹೆಸರಾದ ಅಮೆರಿಕದ ನಟ ವಿಲಿಯಂ ಜಿಲೆಟ್ ಜೊತೆ ಮತ್ತೆ ಬಿಲ್ಲಿಯಾದ. ಆ ಕಾಲದ ಒಂದು ಕಾರ್ಯಕ್ರಮ ಪಟ್ಟಿ ಹರಾಜಿಗೆ ಬಂದಿತ್ತು. ನಾನಾಗ ತಂಗಿಯ ಮದುವೆಗೆಂದು ಸಿದ್ದಾಪುರದ ಹತ್ತಿರದ ಹಳ್ಳಿಯಲ್ಲಿದ್ದೆ. ಧಾರೆಯ ಹೊತ್ತಿಗೇ ಹರಾಜು. ಫೋನ್ ಎತ್ತಿ ಹಿಡಿದುಕೊಂಡು ಅಡಿಕೆ ತೋಟದ ಏರಿ ಹತ್ತಿದೆ, ಒಂದು ಕಡ್ಡಿ ನೆಟ್‌ವರ್ಕ್ ಬಂತು, ಹೋಯಿತು. ಮತ್ತೆ ಬರುವಷ್ಟರಲ್ಲಿ ಪಟ್ಟಿ ಬೇರೆಯವರ ಪಾಲಾಗಿತ್ತು.

ಕಳೆದ ತಿಂಗಳು, ಹಳೇ ಕಾಗದಪತ್ರ ಕೂಡಿಡುವವರ ಸಂಘವಾದ ಎಫೆಮೆರಾ ಸೊಸೈಟಿಯ ಸಂತೆಯಲ್ಲಿ ಹನ್ನೆರಡು ಪೌಂಡ್‌ಗೆ ಒಂದು ಕಟ್ಟು ಹಳೇ ಹ್ಯಾಂಡ್‌ಬಿಲ್ ಸಿಕ್ಕಿತು. ಅದರಲ್ಲಿ ಹೋಮ್ಸ್ ನಾಟಕದ್ದೂ ಒಂದು, ಕೆಳಗಿನ ಅರ್ಧ ಹರಿದಿದೆ. ವಾರ, ತಾರೀಖು 1903ಕ್ಕೂ ಹೊಂದುತ್ತದೆ, 1908ಕ್ಕೂ ಹೊಂದುತ್ತದೆ. ಈ ಭಾನುವಾರ 'ದಿ ಎರಾ' ತೆಗೆದು ಕೂರಬೇಕು.