ಹೊರದೇಶದ ಮಕ್ಕಳ ಮನೆಗೆ ನಿಮ್ಮ ಸಭೆ ನೆರವಾಗಬೇಕೆಂದಿದ್ದರೆ

ಬೈಬಲಿನ ಯಾಕೋಬನ ಪತ್ರಿಕೆ 1:27 ಓದಿದವರಿಗೆ ಅನಾಥರನ್ನು ನೋಡಿಕೊಳ್ಳಬೇಕು ಅಂತ ಬೇರೆ ಯಾರೂ ಹೇಳಬೇಕಾಗಿಲ್ಲ. ಎಷ್ಟೋ ಕ್ರೈಸ್ತ ಸಭೆಗಳು ಆ ಒಂದು ವಚನ ಹಿಡಿದುಕೊಂಡೇ ದೂರದ ದೇಶದ ಮಕ್ಕಳ ಮನೆಗಳಿಗೆ, ಅಂದರೆ ಅನಾಥಾಶ್ರಮಗಳಿಗೆ, ತಿಂಗಳು ತಿಂಗಳು ಕಾಣಿಕೆ ಕಳಿಸುತ್ತಿವೆ. ನಿಮ್ಮ ಸಭೆಯೂ ಶುರು ಮಾಡಬೇಕೆಂದಿದ್ದರೆ, ಅಥವಾ ಈಗಾಗಲೇ ಕಳಿಸುತ್ತಿದ್ದು ಒಮ್ಮೆ ಸರಿಯಾಗಿ ನೋಡೋಣ ಅನ್ನಿಸಿದ್ದರೆ, ಇದನ್ನು ಓದಿ. ಆ ವಚನದಲ್ಲಿ ಅನಾಥರ ಪಕ್ಕದಲ್ಲೇ ವಿಧವೆಯರೂ ಇದ್ದಾರೆ ಅನ್ನೋದನ್ನು ಮಾತ್ರ ಮರೆಯಬೇಡಿ. ಮಗುವನ್ನು ಸಾಕಿ ತಾಯಿಯನ್ನು ಬಿಟ್ಟುಬಿಡುವ ಸಹಾಯ ಅರ್ಧ ಸಹಾಯ.

ಹಣ ಎತ್ತುವ ಮೊದಲು ಒಂದು ಪ್ರಶ್ನೆ ಕೇಳಿ. ಈ ಮಕ್ಕಳು ಇಲ್ಲಿಗೆ ಯಾಕೆ ಬಂದರು? ತಂದೆ ತಾಯಿ ಇಬ್ಬರೂ ಇಲ್ಲದ ಮಕ್ಕಳೇ ಅಲ್ಲಿರುವುದು ಅಂತ ನಾವು ಅಂದುಕೊಂಡಿರುತ್ತೇವೆ. ಯುನಿಸೆಫ್ 2015ಕ್ಕೆ ಕೊಟ್ಟ ಲೆಕ್ಕದಲ್ಲಿ ಜಗತ್ತಿನಲ್ಲಿ ಸುಮಾರು 14 ಕೋಟಿ ಅನಾಥ ಮಕ್ಕಳಿದ್ದರು, ಆದರೆ ಇಬ್ಬರನ್ನೂ ಕಳೆದುಕೊಂಡವರು ಅದರಲ್ಲಿ ಒಂದೂವರೆ ಕೋಟಿಯಷ್ಟು ಮಾತ್ರ. ಉಳಿದವರಿಗೆ ತಾಯಿಯೋ ತಂದೆಯೋ ಇದ್ದಾರೆ. ಹೈಟಿ, ಕಾಂಬೋಡಿಯಾದಂಥ ದೇಶಗಳ ಅನಾಥಾಶ್ರಮಗಳಲ್ಲಿ ಇರುವ ಬಹುಪಾಲು ಮಕ್ಕಳಿಗೂ ಹಾಗೇ. ಕಾಂಬೋಡಿಯಾದಲ್ಲಿ 2005ರಿಂದ 2010ರೊಳಗೆ ಇಂಥ ಮನೆಗಳ ಸಂಖ್ಯೆ ಶೇ. 75ರಷ್ಟು ಏರಿತು. ಅದಕ್ಕೆ ದೊಡ್ಡ ಕಾರಣ ಹೊರದೇಶದ ದಾನಿಗಳ, ಪ್ರವಾಸಿಗರ ಹಣ. ಬಡತನಕ್ಕೆ ಸೋತ ತಾಯಿ ಊಟ, ಓದು ಸಿಗುತ್ತದೆ ಅಂತ ಮಗುವನ್ನು ಬಿಟ್ಟುಹೋಗುತ್ತಾಳೆ. ನಾವು ಕಳಿಸಿದ ಕಾಣಿಕೆ ಅವಳ ಕೈಗೆ ಬಂದಿದ್ದರೆ ಮಗು ಮನೆಯಲ್ಲೇ ಇರುತ್ತಿತ್ತಲ್ವಾ?

ಹಾಗಾಗಿ ನಡೆಸುವವರ ಜೊತೆ ಮಾತಾಡುವಾಗ ಸಂಕೋಚ ಬೇಡ, ನೇರವಾಗಿ ಕೇಳಿ. ಎಷ್ಟು ಮಕ್ಕಳಿಗೆ ತಾಯಿ, ತಂದೆ, ಅಜ್ಜಿ, ಸೋದರಮಾವ, ಯಾರಾದರೂ ಇದ್ದಾರೆ? ಅವರು ಬಂದುಹೋಗುತ್ತಾರಾ? ಹೋದ ವರ್ಷ ಎಷ್ಟು ಮಕ್ಕಳು ತಮ್ಮವರ ಬಳಿ ಮರಳಿದರು? ಚೆನ್ನಾಗಿ ನಡೆಯುವ ಮನೆಯಲ್ಲಿ ಒಂದೊಂದು ಮಗುವಿಗೂ ಒಂದು ಫೈಲ್ ಇರುತ್ತದೆ. ಯಾರು ಕರೆತಂದರು, ಯಾವ ಅಧಿಕಾರಿ ಅಥವಾ ಕೋರ್ಟು ಒಪ್ಪಿತು, ಜನನ ಪತ್ರ, ಲಸಿಕೆ ಚೀಟಿ, ಮನೆಯವರು ಬಂದ ತಾರೀಕು, ಮುಂದಿನ ಯೋಜನೆ, ಎಲ್ಲ ಅದರಲ್ಲಿರುತ್ತದೆ. ಮಕ್ಕಳ ಗುಟ್ಟು ಅದು, ಫೈಲ್ ನಿಮಗೆ ತೋರಿಸಬೇಕಿಲ್ಲ. ಫೈಲ್ ಇದೆಯಾ, ಯಾರು ಬರೆಯುತ್ತಾರೆ, ಎಷ್ಟು ತಿಂಗಳಿಗೊಮ್ಮೆ ತೆರೆದು ನೋಡುತ್ತಾರೆ ಅಂತ ಕೇಳಿದರೆ ಸಾಕು. ಉತ್ತರ ಬರುವ ರೀತಿಯಲ್ಲೇ ಅರ್ಧ ಗೊತ್ತಾಗುತ್ತದೆ.

ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. ರೊಮೇನಿಯಾದ ಬುಖಾರೆಸ್ಟ್‌ನಲ್ಲಿ 2000ದ ಸುಮಾರಿಗೆ ಶುರುವಾದ ಒಂದು ಅಧ್ಯಯನದಲ್ಲಿ ಅನಾಥಾಲಯದ 136 ಪುಟ್ಟ ಮಕ್ಕಳಲ್ಲಿ ಅರ್ಧ ಮಂದಿಯನ್ನು ಸಾಕು ಕುಟುಂಬಗಳಿಗೆ ಕೊಟ್ಟು ವರ್ಷಗಟ್ಟಲೆ ಗಮನಿಸಿದರು. ಕುಟುಂಬ ಸೇರಿದ ಮಕ್ಕಳು ಬುದ್ಧಿ, ಮಾತು, ಒಡನಾಟ ಎಲ್ಲದರಲ್ಲೂ ಮುಂದಿದ್ದರು. ಎರಡು ವರ್ಷ ತುಂಬುವ ಮೊದಲೇ ಹೋದವರಿಗೆ ಇನ್ನೂ ಜಾಸ್ತಿ ಒಳ್ಳೆಯದಾಯಿತು. ಪುಟ್ಟ ಮಗುವಿಗೆ ಬೇಕಾದದ್ದು ತನ್ನದೇ ಅನ್ನಿಸುವ ಒಬ್ಬ ದೊಡ್ಡವರು. ಪಾಳಿಯಲ್ಲಿ ಬದಲಾಗುವ ಆಯಾಗಳು ಎಷ್ಟೇ ಪ್ರೀತಿಯಿಂದ ನೋಡಿಕೊಂಡರೂ ಆ ಜಾಗ ತುಂಬುವುದಿಲ್ಲ. ಅಪರಿಚಿತರು ಒಳಗೆ ಕಾಲಿಟ್ಟ ಕೂಡಲೇ ಓಡಿಬಂದು ತೊಡೆ ಏರಿ ಕುಳಿತು, ಹೊರಡುವಾಗ ಬಿಡದೆ ಅಳುವ ಮಗುವನ್ನು ನೋಡಿ ಬಂದವರು ‘ಎಷ್ಟು ಪ್ರೀತಿ’ ಅನ್ನುತ್ತಾರೆ. ಎಷ್ಟೋ ಸಲ ಅದು ತನ್ನವರು ಯಾರು ಅಂತ ಗೊತ್ತಿಲ್ಲದ ಮಗುವಿನ ನೋವು.

ಹಾಗಂತ ಸಹಾಯವೇ ಬೇಡ ಅನ್ನುತ್ತಿಲ್ಲ. ಯಾರೂ ಇಲ್ಲದ ಮಕ್ಕಳು, ಮನೆಯಲ್ಲೇ ಹಿಂಸೆ ಕಂಡ ಮಕ್ಕಳು ಇದ್ದೇ ಇದ್ದಾರೆ. ಅವರಿಗೆ ಒಳ್ಳೆಯ ಜಾಗ ಬೇಕು. ಜಾರ್ಜ್ ಮುಲ್ಲರ್ ಹೆಸರು ಸಭೆಗಳಲ್ಲಿ ಎಲ್ಲರಿಗೂ ಗೊತ್ತು. 1836ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಬಾಡಿಗೆ ಮನೆಯೊಂದರಲ್ಲಿ ಶುರು ಮಾಡಿ, ಬದುಕಿದ್ದಷ್ಟು ಕಾಲದಲ್ಲಿ ಹತ್ತು ಸಾವಿರದಷ್ಟು ಮಕ್ಕಳನ್ನು ಸಾಕಿದರು. ಯಾರ ಮುಂದೆಯೂ ಕೈ ಚಾಚಲಿಲ್ಲ, ಪ್ರಾರ್ಥನೆಯಲ್ಲೇ ನಡೆಸಿದರು ಅಂತ ನಾವು ಸಾಕ್ಷಿ ಹೇಳುತ್ತೇವೆ. ಅವರು ವರ್ಷವರ್ಷ ಲೆಕ್ಕ ಅಚ್ಚು ಹಾಕಿಸುತ್ತಿದ್ದರು ಅನ್ನೋದನ್ನೂ ಜೊತೆಗೆ ಹೇಳಬೇಕು. ಅವರ ಸಂಸ್ಥೆಯೇ ಕಳೆದ ಶತಮಾನದ ಮಧ್ಯದಲ್ಲಿ ಅವರು ಮುಂದೆ ಕಟ್ಟಿಸಿದ್ದ ದೊಡ್ಡ ಕಟ್ಟಡಗಳನ್ನು ಬಿಟ್ಟು ಚಿಕ್ಕ ಮನೆಗಳ ಕಡೆಗೆ ತಿರುಗಿತು.

ಈಗ ಹಣದ ವಿಷಯ. ಒಂದು ಮಗುವಿಗೆ ತಿಂಗಳಿಗೆ ಇಷ್ಟು ಅಂತ ತಲೆಲೆಕ್ಕದಲ್ಲಿ ಕೊಡುವುದು ಎಲ್ಲರಿಗೂ ಇಷ್ಟ, ಫೋಟೋ ಬರುತ್ತದೆ, ಪತ್ರ ಬರುತ್ತದೆ. ಆದರೆ ಮಗು ಅಮ್ಮನ ಬಳಿ ಹೋದ ತಿಂಗಳೇ ಆ ಹಣ ನಿಂತುಹೋಗುತ್ತದೆ. ಅಂದರೆ ಮಗುವನ್ನು ಮನೆಗೆ ಕಳಿಸಿದ್ದಕ್ಕೆ ಆ ಸಂಸ್ಥೆಗೇ ನಷ್ಟ. ಒಳ್ಳೆಯವರನ್ನೂ ಇದು ಕಟ್ಟಿಹಾಕುತ್ತದೆ. ಅದರ ಬದಲು ಕೆಲಸಕ್ಕೆ ಕೊಡಿ. ಮನೆಯವರನ್ನು ಹುಡುಕಿ ಮಾತಾಡಿಸುವ ಒಬ್ಬ ಸಮಾಜ ಕಾರ್ಯಕರ್ತರ ಸಂಬಳ, ಭೇಟಿಗೆ ಬರುವ ಅಜ್ಜಿಯ ಬಸ್ ಖರ್ಚು, ಮನೆಗೆ ಮರಳಿದ ಮಗುವಿನ ಶಾಲೆ ಫೀಸು, ತಾಯಿಗೆ ಒಂದು ಹೊಲಿಗೆ ಯಂತ್ರ. ಹೀಗೆ ಬರೆದು ಒಪ್ಪಂದ ಮಾಡಿಕೊಳ್ಳಿ. ‘ಮಗು ಮನೆಗೆ ಹೋದರೂ ಒಂದು ವರ್ಷ ಅದರ ಪಾಲಿನ ಹಣ ನಿಲ್ಲುವುದಿಲ್ಲ’ ಅನ್ನುವ ಒಂದು ಸಾಲು ಅದರಲ್ಲಿ ಇರಲೇಬೇಕು.

ಕಳಿಸುವಾಗ ಬ್ಯಾಂಕಿನಿಂದಲೇ, ಸಂಸ್ಥೆಯ ಹೆಸರಿನ ಖಾತೆಗೇ ಕಳಿಸಿ. ಅಲ್ಲಿನ ಪಾಸ್ಟರ್ ಎಷ್ಟೇ ಪರಿಚಯದವರಾದರೂ ಅವರ ಸ್ವಂತ ಖಾತೆ ಬೇಡ. ಖಾತೆಗೆ ಇಬ್ಬರ ಸಹಿ ಇರಲಿ, ಆ ಇಬ್ಬರು ಗಂಡ ಹೆಂಡತಿ ಆಗಿರಬಾರದು. ಆ ದೇಶದ ಸರ್ಕಾರದಲ್ಲಿ ಮಕ್ಕಳ ಮನೆ ಅಂತಲೇ ನೋಂದಣಿ ಆಗಿದೆಯಾ ನೋಡಿ. ಚರ್ಚ್ ನೋಂದಣಿ ಬೇರೆ, ಮಕ್ಕಳನ್ನು ಇಟ್ಟುಕೊಳ್ಳುವ ಪರವಾನಗಿ ಬೇರೆ. ನಿಮ್ಮ ದೇಶದಿಂದ ಹಣ ಹೊರಗೆ ಕಳಿಸಲು ಏನು ನಿಯಮ ಅಂತ ಬ್ಯಾಂಕಿನಲ್ಲಿ ಮೊದಲೇ ಕೇಳಿಕೊಳ್ಳಿ. ‘ದೇವರ ಸೇವಕರನ್ನು ಲೆಕ್ಕ ಕೇಳೋದಾ?’ ಅಂತ ಸಭೆಯಲ್ಲಿ ಯಾರಾದರೂ ಬೇಸರ ಮಾಡಿಕೊಂಡರೆ 2 ಕೊರಿಂಥ 8:20-21 ತೆರೆದು ಓದಿಸಿ. ಯೆರೂಸಲೇಮಿನ ಬಡವರಿಗೆ ಕಾಣಿಕೆ ಒಯ್ಯುವಾಗ ಪೌಲನೇ ಯಾರೂ ಬೆರಳು ತೋರಿಸದ ಹಾಗೆ, ಕರ್ತನ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅಂತ ಜೊತೆಗೆ ಜನ ಕಳಿಸಿದ.

ಹಳೆ ಬಟ್ಟೆ, ಆಟಿಕೆ ಪೆಟ್ಟಿಗೆ ಕಟ್ಟಿ ಹಡಗಿನಲ್ಲಿ ಕಳಿಸುವುದು ಬೇಡ. ಸಾಗಣೆ ಖರ್ಚಿನಲ್ಲೇ ಅಲ್ಲಿ ಹೊಸದು ಕೊಳ್ಳಬಹುದು, ಅಲ್ಲಿನ ಅಂಗಡಿಯವರಿಗೂ ವ್ಯಾಪಾರ.

ಭೇಟಿ ಕೊಡುವುದರ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಯುವಕರ ತಂಡ ಕಟ್ಟಿಕೊಂಡು ಹೋಗಿ ಎರಡು ವಾರ ಮಕ್ಕಳನ್ನು ಎತ್ತಿ ಆಡಿಸಿ ಬರುವುದನ್ನು ನಿಲ್ಲಿಸಿ. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಕೂಡ ಅನಾಥಾಶ್ರಮಗಳಲ್ಲಿ ಇಂಥ ಸ್ವಯಂಸೇವೆಯಿಂದ ಮಕ್ಕಳಿಗೆ ಆಗುವ ಕೆಡುಕಿನ ಬಗ್ಗೆ ಎಚ್ಚರಿಸಿತು. ಪ್ರೀತಿ ಕೊಟ್ಟು ಮಾಯವಾಗುವ ಇನ್ನೊಬ್ಬರು ಆ ಮಕ್ಕಳಿಗೆ ಬೇಡ. ಹೋಗಲೇಬೇಕಾದರೆ ಇಬ್ಬರು ಹಿರಿಯರು ಹೋಗಲಿ, ಲೆಕ್ಕ ನೋಡಲಿ, ಸಿಬ್ಬಂದಿ ಜೊತೆ ಕೂತು ಮಾತಾಡಲಿ, ಮಕ್ಕಳ ಜೊತೆ ಒಂಟಿಯಾಗಿ ಇರುವುದು ಬೇಡ. ತರಬೇತಿ ಪಡೆದ ನರ್ಸ್, ಕೌನ್ಸೆಲರ್ ನಿಮ್ಮ ಸಭೆಯಲ್ಲಿದ್ದರೆ ಅವರು ಅಲ್ಲಿನ ಆಯಾಗಳಿಗೆ ಕಲಿಸಲಿ.

ಫೋಟೋ ವಿಷಯದಲ್ಲೂ ಹಾಗೇ. ಮಗುವಿನ ಮುಖ, ಹೆಸರು, ಅದರ ಕಷ್ಟದ ಕಥೆ ಮೂರೂ ಒಟ್ಟಿಗೆ ಪರದೆಯ ಮೇಲೆ ಬರುವುದು ಬೇಡ. ನಿಮ್ಮ ಮಗುವಿನ ಬಗ್ಗೆ ಹಾಗೆ ತೋರಿಸಲು ಒಪ್ಪುತ್ತೀರಾ? ಸಭೆಗೆ ಏನಾದರೂ ತೋರಿಸಲೇಬೇಕಲ್ಲ ಅಂದರೆ ಅಡುಗೆಮನೆ, ಶಾಲೆಚೀಲಗಳ ಸಾಲು, ಸಿಬ್ಬಂದಿಯ ಮಾತು ತೋರಿಸಿ.

ಮಧ್ಯದಲ್ಲಿ ನಿಲ್ಲಿಸಬೇಕಾಗಿ ಬಂದರೆ? ಆಗುತ್ತದೆ, ಸಭೆ ಒಡೆಯುತ್ತದೆ, ಕಾಣಿಕೆ ಕಡಿಮೆಯಾಗುತ್ತದೆ, ಅಥವಾ ಅಲ್ಲಿ ಏನೋ ಸರಿಯಿಲ್ಲ ಅಂತ ಗೊತ್ತಾಗುತ್ತದೆ. ದಿಢೀರನೆ ಕೈಬಿಟ್ಟರೆ ಮಕ್ಕಳ ಊಟಕ್ಕೇ ಕಲ್ಲು ಬೀಳುತ್ತದೆ. ಆರು ತಿಂಗಳ ಖರ್ಚು ಮೊದಲೇ ಬೇರೆ ತೆಗೆದಿಟ್ಟಿರಿ, ನಿಲ್ಲಿಸುವ ಮಾತನ್ನು ಬರೆದು ತಿಳಿಸಿ, ಆ ಆರು ತಿಂಗಳಲ್ಲಿ ಯಾವ ಮಕ್ಕಳು ತಮ್ಮವರ ಬಳಿ ಹೋಗಬಹುದು ಅಂತ ಅಲ್ಲಿನ ಅಧಿಕಾರಿಗಳ ಜೊತೆ ಸೇರಿ ನೋಡಿ. ಮಕ್ಕಳ ಮೇಲೆ ಹಿಂಸೆ ನಡೆದ ಸುಳಿವು ಸಿಕ್ಕರೆ ಮಾತ್ರ ಕಾಯಬೇಡಿ, ಆ ಮನೆ ನಡೆಸುವವರಿಗೆ ಸುಳಿವು ಕೊಡದೆ ಅವತ್ತೇ ಆ ದೇಶದ ಮಕ್ಕಳ ರಕ್ಷಣಾ ಇಲಾಖೆಗೋ ಪೊಲೀಸರಿಗೋ ತಿಳಿಸಿ.