ಕಾಫಿ ಹೂವಿಗೆ ಮುಂಚೆ ಜೇನುಪೆಟ್ಟಿಗೆಯ ನುಸಿ ತೆಗೆಯೋದು ಹೇಗೆ

ಡಿಸೆಂಬರ್ ಬಂತು ಅಂದ್ರೆ ಸಕಲೇಶಪುರ, ಮೂಡಿಗೆರೆ ಕಡೆ ಎಲ್ಲರೂ ಕಾಫಿ ಕೊಯ್ಲಿನಲ್ಲಿ ಮುಳುಗಿರುತ್ತಾರೆ. ಜೇನುಪೆಟ್ಟಿಗೆ ಕಡೆ ತಿರುಗಿ ನೋಡಲು ಪುರುಸೊತ್ತಿರಲ್ಲ. ಆದರೆ ಮೆಲ್ಲಿಫೆರಾ, ಅಂದ್ರೆ ಯುರೋಪಿನ ಜೇನುನೊಣ ಸಾಕಿದವರು ನೊಣದ ಮೈಗೆ ಅಂಟುವ ವರೋವಾ ನುಸಿಗೆ ಕೈ ಹಾಕಬೇಕಾದ್ದು ಇದೇ ತಿಂಗಳು. ಕೊಯ್ಲು ಮುಗಿಯಲಿ ನೋಡೋಣ ಅಂತ ಫೆಬ್ರವರಿವರೆಗೆ ಬಿಟ್ಟರೆ ಹೂವಿನ ಹೊತ್ತಿಗೆ ಪೆಟ್ಟಿಗೆಯಲ್ಲಿ ದುಡಿಯುವ ನೊಣವೇ ಇರಲ್ಲ. ಯಾಕೆ ಅಂತ ಮುಂದೆ ಲೆಕ್ಕ ಹಾಕಿ ತೋರಿಸುತ್ತೇನೆ.

ಅದಕ್ಕೂ ಮೊದಲು, ನಿಮ್ಮ ಪೆಟ್ಟಿಗೆಯಲ್ಲಿರೋದು ನಮ್ಮ ನಾಡಿನ ತುಡುವೆ ಜೇನಾ, ಮೆಲ್ಲಿಫೆರಾನಾ? ತುಡುವೆ ಆದ್ರೆ ದಯವಿಟ್ಟು ಯಾವ ಆಮ್ಲವನ್ನೂ ಹಾಕಬೇಡಿ. ವರೋವಾ ಮೂಲದಲ್ಲಿ ಏಷ್ಯಾದ ತುಡುವೆ ಜಾತಿಯ ಮೇಲೇ ಬದುಕುತ್ತಿದ್ದ ನುಸಿ. ಜೊತೆಜೊತೆಗೇ ಬೆಳೆದದ್ದರಿಂದ ತುಡುವೆಗೆ ಅದನ್ನು ನಿಭಾಯಿಸಲು ಗೊತ್ತು. ಮೈಮೇಲೆ ಕೂತ ನುಸಿಯನ್ನು ದವಡೆಯಿಂದ ಕಿತ್ತು ಹಾಕುತ್ತದೆ. ನುಸಿ ಹೆಚ್ಚುಕಮ್ಮಿ ಗಂಡು ನೊಣದ ಕೋಶದಲ್ಲಿ ಮಾತ್ರ ಮರಿ ಮಾಡುತ್ತದೆ, ಹಾಗಾಗಿ ಮಿತಿ ಮೀರಿ ಬೆಳೆಯಲ್ಲ. ಸುಮ್ನೆ ಔಷಧಿ ಅಂತ ಕೆಣಕಿದರೆ ತುಡುವೆ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತದೆ, ಅಷ್ಟೇ. ತುಡುವೆಯ ಹುಳುಗಳು ತಲೆ ಮೇಲೆತ್ತಿ, ನೀರು ತುಂಬಿದ ಚೀಲದ ಹಾಗೆ ಸತ್ತಿದ್ದರೆ ಅದು ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಇರಬಹುದು. 1991ರ ನಂತರ ದಕ್ಷಿಣದ ತುಡುವೆ ಕುಟುಂಬಗಳನ್ನು ಬಲಿ ತೆಗೆದುಕೊಂಡದ್ದು ಅದೇ. ನುಸಿ ಔಷಧಿ ಅದಕ್ಕೆ ನಾಟುವುದಿಲ್ಲ.

ಮೆಲ್ಲಿಫೆರಾ ಕಥೆಯೇ ಬೇರೆ. ಅದಕ್ಕೆ ಈ ನುಸಿ ಹೊಸದು. ಕೆಲಸಗಾರ ನೊಣದ ಕೋಶದಲ್ಲೂ ನುಸಿ ಮರಿ ಮಾಡುತ್ತದೆ, ನೊಣದ ಕೊಬ್ಬು ಹೀರುತ್ತದೆ, ರೆಕ್ಕೆ ಮುದುಡುವ ವೈರಸ್ ಹರಡುತ್ತದೆ. ಬಾಗಿಲ ಮುಂದೆ ನೆಲದಲ್ಲಿ ಸುರುಟಿದ ರೆಕ್ಕೆಯ ಎಳೆ ನೊಣಗಳು ತೆವಳುತ್ತಿದ್ದರೆ ಆಗಲೇ ತಡ ಆಗಿದೆ ಅಂತ ತಿಳಿಯಿರಿ.

ಅಷ್ಟರವರೆಗೆ ಕಾಯದೆ ಮೊದಲೇ ಎಣಿಸಿ ನೋಡಬೇಕು. ಸಕ್ಕರೆಯನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿಕೊಳ್ಳಿ. ಅಗಲ ಬಾಯಿಯ ಒಂದು ಬಾಟ್ಲಿಗೆ ಮುಚ್ಚಳದ ಬದಲು ಜಾಲರಿ ಕಟ್ಟಬೇಕು. ಜಾಲರಿಯಲ್ಲಿ ರಾಗಿ ಕಾಳು ಸಲೀಸಾಗಿ ಬೀಳಬೇಕು, ನೊಣ ತೂರಬಾರದು. ಸೊಳ್ಳೆ ಪರದೆ ತೀರಾ ಸಣ್ಣದಾಯ್ತು. ಮರಿ ಇರುವ ಚೌಕಟ್ಟು ಎತ್ತಿ, ರಾಣಿ ಅದರ ಮೇಲಿಲ್ಲ ಅಂತ ಎರಡು ಸಲ ನೋಡಿ, ಅರ್ಧ ಕಪ್ಪಿನಷ್ಟು ನೊಣ ಬಾಟ್ಲಿಗೆ ಕೊಡವಿ. ಅದು ಸುಮಾರು 300 ನೊಣ. ಎರಡು ದೊಡ್ಡ ಚಮಚ ಸಕ್ಕರೆ ಪುಡಿ ಹಾಕಿ ಒಂದು ನಿಮಿಷ ಮೆಲ್ಲಗೆ ಉರುಳಿಸಿ, ಎರಡು ನಿಮಿಷ ಹಾಗೇ ಬಿಡಿ, ಆಮೇಲೆ ಬಿಳಿ ತಟ್ಟೆಯ ಮೇಲೆ ತಲೆಕೆಳಗೆ ಮಾಡಿ ಚೆನ್ನಾಗಿ ಅಲ್ಲಾಡಿಸಿ. ತಟ್ಟೆಗೆ ಚೂರು ನೀರು ಚಿಮುಕಿಸಿದರೆ ಸಕ್ಕರೆ ಕರಗಿ ನುಸಿ ಮಾತ್ರ ಉಳಿಯುತ್ತದೆ. ಗಾತ್ರ ಒಂದು ರಾಗಿ ಕಾಳಿನಷ್ಟು, ಬಣ್ಣವೂ ರಾಗಿಯದೇ, ಆದರೆ ಚಪ್ಪಟೆ. ಹತ್ತಿರ ಬಗ್ಗಿ ನೋಡಿದರೆ ಅಂಚಿನಲ್ಲಿ ಕಾಲು ಆಡಿಸುತ್ತಾ ಏಡಿ ಹಾಗೆ ಸರಿಯುವುದು ಕಾಣುತ್ತದೆ. ಅರಸೀಕೆರೆ ಕಡೆಯವರು ತೆಂಗಿನ ನುಸಿ ನೆನೆಸಿಕೊಂಡು ಇದೂ ಕಣ್ಣಿಗೆ ಕಾಣಲ್ಲ ಅಂದುಕೊಳ್ಳಬೇಡಿ, ಇದು ಬರಿಗಣ್ಣಿಗೇ ಕಾಣುತ್ತದೆ. ಸಕ್ಕರೆ ಮೆತ್ತಿದ ನೊಣಗಳನ್ನು ವಾಪಸ್ ಪೆಟ್ಟಿಗೆಗೆ ಸುರಿಯಿರಿ, ಒಂದನ್ನೊಂದು ನೆಕ್ಕಿ ಸ್ವಚ್ಛ ಮಾಡಿಕೊಳ್ಳುತ್ತವೆ.

300 ನೊಣಕ್ಕೆ 6ರಿಂದ 9 ನುಸಿ ಬಿದ್ದರೆ, ಅಂದ್ರೆ ನೂರಕ್ಕೆ ಎರಡು ಮೂರು, ಚಿಕಿತ್ಸೆ ಬೇಕು. ಒಂದೋ ಎರಡೋ ಆದ್ರೆ ಬಿಟ್ಟುಬಿಡಿ, ತಿಂಗಳು ಬಿಟ್ಟು ಮತ್ತೆ ನೋಡಿ.

ಔಷಧಿ ಅಂದ್ರೆ ಆಕ್ಸಾಲಿಕ್ ಆಮ್ಲ. ನಾನು ಮೊದಲ ವರ್ಷ ದೊಡ್ಡ ತಪ್ಪು ಮಾಡಿದ್ದು ಇಲ್ಲೇ. ಚಳಿ ದೇಶದವರು ಡಿಸೆಂಬರಿನಲ್ಲಿ ಒಂದೇ ಸಲ ಹಾಕಿ ಮುಗಿಸುತ್ತಾರೆ ಅಂತ ಓದಿ ನಾನೂ ಹಾಗೇ ಹಾಕಿದೆ. ಮರುದಿನ ಅಡಿ ಹಲಗೆಯ ಕಾಗದದ ತುಂಬಾ ನುಸಿ ಉದುರಿತ್ತು, ಮನಸ್ಸಿಗೆ ಎಷ್ಟು ನೆಮ್ಮದಿ ಆಯ್ತು ಅಂದ್ರೆ ಆಮೇಲೆ ಪೆಟ್ಟಿಗೆ ತೆರೆಯಲೇ ಇಲ್ಲ. ಮೂರು ವಾರ ಬಿಟ್ಟು ಎಣಿಸಿದರೆ ಮತ್ತೆ ಹನ್ನೊಂದು. ಕಾರಣ ಸರಳ. ಅಲ್ಲಿ ಹಿಮ ಬಿದ್ದಾಗ ರಾಣಿ ಮೊಟ್ಟೆ ಇಡೋದು ನಿಲ್ಲಿಸುತ್ತದೆ, ಮರಿಯೇ ಇರಲ್ಲ, ಎಲ್ಲ ನುಸಿಯೂ ನೊಣದ ಮೈಮೇಲೇ ಇರುತ್ತದೆ. ನಮ್ಮಲ್ಲಿ ರಾತ್ರಿ 14–15 ಡಿಗ್ರಿಗೆ ಇಳಿದರೂ ಹಗಲು ಬಿಸಿಲಿದೆ, ಪರಾಗ ಸಿಗುತ್ತದೆ, ರಾಣಿ ಮೊಟ್ಟೆ ಇಡುತ್ತಲೇ ಇರುತ್ತದೆ. ಮರಿಯ ಜೊತೆ ಮೇಣ ಮುಚ್ಚಿದ ಕೋಶದೊಳಗೆ ಕೂತ ನುಸಿಗೆ ಆಕ್ಸಾಲಿಕ್ ತಗುಲುವುದೇ ಇಲ್ಲ.

ಹಾಗಾಗಿ ಮರಿ ಇಲ್ಲದ ಆ ಬಿಡುವನ್ನು ನಾವೇ ಮಾಡಿಕೊಡಬೇಕು. ಡಿಸೆಂಬರ್ 15ರ ಆಸುಪಾಸಿನಲ್ಲಿ, ಮಂಜು ಕರಗಿ ಬಿಸಿಲು ಏರಿದ ಮೇಲೆ, ರಾಣಿಯನ್ನು ಹುಡುಕಿ ಪಂಜರಕ್ಕೆ ಹಾಕಿ. ಕೆಲಸಗಾರ ನೊಣ ಒಳಗೆ ಹೊರಗೆ ಓಡಾಡಬೇಕು, ರಾಣಿ ಮಾತ್ರ ದಾಟಬಾರದು, ಅಂಥ ಪಂಜರ ಬೇಕು. ಅದನ್ನು ಸಂಸಾರ ಕೋಣೆಯ, ಅಂದ್ರೆ ಮರಿ ಬೆಳೆಸುವ ಕೆಳಗಿನ ಕೋಣೆಯ ನಟ್ಟನಡುವೆ ಎರಡು ಚೌಕಟ್ಟಿನ ಮಧ್ಯೆ ಇಡಿ, ಅಂಚಿಗೆ ಇಟ್ಟರೆ ರಾಣಿಗೆ ಊಟವೂ ಸಿಗಲ್ಲ ಬೆಚ್ಚಗೂ ಇರಲ್ಲ. ಎಂಟನೇ ದಿನ ಒಮ್ಮೆ ತೆರೆದು, ಎಲ್ಲಾದರೂ ಹೊಸ ರಾಣಿ ಕೋಶ ಕಟ್ಟಿದ್ದರೆ ಮುರಿದು ಹಾಕಿ. ಮೇವು ಕಮ್ಮಿ ಇದ್ದರೆ ಸಕ್ಕರೆ ಪಾಕ ಕೊಡಿ. 24 ದಿನ ಹೀಗೇ ಇರಲಿ. ಮೊಟ್ಟೆಯಿಂದ ನೊಣವಾಗಿ ಹೊರಬರಲು ಕೆಲಸಗಾರ ನೊಣಕ್ಕೆ 21 ದಿನ, ಗಂಡು ನೊಣಕ್ಕೆ 24, ಅಷ್ಟರಲ್ಲಿ ಎಲ್ಲ ಕೋಶವೂ ಖಾಲಿ. ಹೆಜ್ಜೇನಿನಿಂದ ಬರುವ ಟ್ರೋಪಿಲೆಲಾಪ್ಸ್ ಅನ್ನೋ ಇನ್ನೊಂದು ಸಣ್ಣ ನುಸಿ ಇದೆಯಲ್ಲ, ಅದು ಬೆಳೆದ ನೊಣವನ್ನು ತಿಂದು ಬದುಕಲಾರದು, ಮರಿ ಇಲ್ಲದಿದ್ದರೆ ಕೆಲವೇ ದಿನದಲ್ಲಿ ಸಾಯುತ್ತದೆ. ನಮ್ಮ ತೋಟದ ದೊಡ್ಡ ಮರಗಳಲ್ಲಿ ಹೆಜ್ಜೇನು ಜಾಸ್ತಿ, ಅದಕ್ಕೇ ನನಗೆ ಈ ದಾರಿ ಇನ್ನೂ ಇಷ್ಟ.

ಜನವರಿ 8ಕ್ಕೆ ರಾಣಿಯನ್ನು ಬಿಡಿ. ಮರುದಿನ ಸಂಜೆ ಐದರ ಮೇಲೆ, ನೊಣಗಳೆಲ್ಲ ಮನೆ ಸೇರಿದ ಮೇಲೆ, ಔಷಧಿ.

ಹತ್ತು ಪೆಟ್ಟಿಗೆಗೆ ಅರ್ಧ ಲೀಟರ್ ಸಾಕು. 300 ಮಿ.ಲೀ. ಬಿಸಿ ನೀರಿಗೆ 300 ಗ್ರಾಂ ಸಕ್ಕರೆ ಕರಗಿಸಿ, ಉಗುರು ಬೆಚ್ಚಗಾದ ಮೇಲೆ 17.5 ಗ್ರಾಂ ಆಕ್ಸಾಲಿಕ್ ಆಮ್ಲದ ಹರಳು ಹಾಕಿ ಕಲಕಿ. ಅಂದಾಜಿನಲ್ಲಿ ಚಮಚ ಲೆಕ್ಕ ಬೇಡ, ಗ್ರಾಂ ತೋರಿಸುವ ತಕ್ಕಡಿಯಲ್ಲೇ ತೂಗಿ, ಜಾಸ್ತಿ ಆದ್ರೆ ನೊಣ ಸಾಯುತ್ತದೆ. ಶುದ್ಧ ಆಮ್ಲ ತನ್ನಿ, ಟೈಲ್ಸ್ ತೊಳೆಯುವ ಮಿಶ್ರಣ ಅಲ್ಲ. ಗಾಜಿನ ಇಲ್ಲವೇ ಪ್ಲಾಸ್ಟಿಕ್ ಪಾತ್ರೆ, ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ, ಇವು ಇಲ್ಲದೆ ಶುರು ಮಾಡಲೇಬೇಡಿ. ಈ ಪಾಕ ನೋಡಲು ಥೇಟ್ ಸಕ್ಕರೆ ನೀರಿನ ಹಾಗೇ ಇರುತ್ತದೆ, ಮನೆಯಲ್ಲಿ ಮಕ್ಕಳಿದ್ದರೆ ಬಾಟ್ಲಿ ಮೇಲೆ ವಿಷ ಅಂತ ದೊಡ್ಡದಾಗಿ ಬರೆದು ಬೀಗದೊಳಗಿಡಿ. ಉಳಿದದ್ದನ್ನು ಮುಂದಿನ ವರ್ಷಕ್ಕೆ ಎತ್ತಿಡಬೇಡಿ. ಹಳೇ ಪಾಕ ನೊಣಕ್ಕೆ ವಿಷವಾಗುತ್ತದೆ.

ಸಿರಿಂಜಿನಲ್ಲಿ ತುಂಬಿಕೊಂಡು, ಎರಡು ಚೌಕಟ್ಟಿನ ನಡುವಿನ ಒಂದೊಂದು ಸಂದಿಗೆ 5 ಮಿ.ಲೀ. ನೊಣಗಳ ಮೇಲೇ ಸಣ್ಣ ಧಾರೆಯಾಗಿ ಬಿಡುತ್ತಾ ಹೋಗಿ. ನೊಣ ಇಲ್ಲದ ಸಂದಿಗೆ ಬೇಡ. ಒಂದು ಪೆಟ್ಟಿಗೆಗೆ 50 ಮಿ.ಲೀ. ದಾಟಬಾರದು. ಎಲ್ಲ ಪೆಟ್ಟಿಗೆಗೂ ಅದೇ ಸಂಜೆ ಮುಗಿಸಿ, ಯಾಕಂದ್ರೆ ನೊಣ ಪಕ್ಕದ ಪೆಟ್ಟಿಗೆಗೆ ಹೋಗುವಾಗ ನುಸಿಯನ್ನೂ ಹೊತ್ತೊಯ್ಯುತ್ತದೆ. ಮರಿ ಇಲ್ಲದಾಗ ಹೀಗೆ ಒಂದೇ ಸಲ ಹಾಕಿದರೂ ನೂರಕ್ಕೆ 90ರ ಮೇಲೆ ನುಸಿ ಉದುರುತ್ತದೆ. ಮತ್ತೊಮ್ಮೆ ಹಾಕುವ ಆಸೆ ಬೇಡ, ಎರಡನೇ ಸಲದ ಆಮ್ಲ ನೊಣದ ಆಯಸ್ಸನ್ನೇ ಕಡಿಮೆ ಮಾಡುತ್ತದೆ. ಜೇನು ತುಂಬುವ ಕೋಣೆ ಮೇಲಿದ್ದಾಗಂತೂ ಖಂಡಿತ ಹಾಕಬಾರದು.

ಈಗ ಆ ಲೆಕ್ಕ. ಜನವರಿ 8ಕ್ಕೆ ಇಟ್ಟ ಮೊಟ್ಟೆ 29ಕ್ಕೆ ನೊಣವಾಗಿ ಹೊರಬರುತ್ತದೆ. ಮೊದಲ ಮೂರು ವಾರ ಅದಕ್ಕೆ ಮನೆಯೊಳಗಿನ ಕೆಲಸ, ಆಮೇಲೆ ಹೂವಿಗೆ ಹೊರಡುತ್ತದೆ. ಅಲ್ಲಿಗೆ ಫೆಬ್ರವರಿ 19. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಅರಳುವ ಕಾಲ ಅದೇ ಅಲ್ವಾ? ರೋಬಸ್ಟಾ ಅಂತೂ ಬೇರೆ ಗಿಡದ ಪರಾಗ ಇಲ್ಲದೆ ಕಾಯಿ ಕಟ್ಟಲ್ಲ. ನೀವು ರಾಣಿಯನ್ನು ಪಂಜರಕ್ಕೆ ಹಾಕೋದೇ ಜನವರಿ ಮಧ್ಯದಲ್ಲಿ ಅಂದ್ರೆ ಈ ಸರಪಳಿ ಪೂರ್ತಿ ಒಂದು ತಿಂಗಳು ಮುಂದೆ ಹೋಗುತ್ತದೆ. ಹೂವು ನಾಲ್ಕೈದು ದಿನದಲ್ಲಿ ಬಾಡಿ ಹೋಗುತ್ತದೆ, ನಮ್ಮ ನೊಣಕ್ಕಾಗಿ ಕಾಯಲ್ಲ.

ರಾಣಿಯನ್ನು ಹುಡುಕಲು ಬರದವರು ಫಾರ್ಮಿಕ್ ಆಮ್ಲ ಕೇಳುತ್ತಾರೆ. ಘಟ್ಟದ ಕೆಳಗೆ ರಬ್ಬರ್ ಹಾಲು ಹೆಪ್ಪು ಹಾಕಲು ಬಳಸುವುದು ಅದನ್ನೇ. ಅದರ ಆವಿ ಮುಚ್ಚಿದ ಕೋಶದೊಳಗೂ ಹೋಗುತ್ತದೆ ನಿಜ. ಆದರೆ ಬಿಸಿಲು 30 ಡಿಗ್ರಿ ಮುಟ್ಟಿದರೆ ರಾಣಿಯೇ ಸಾಯಬಹುದು, ನಮ್ಮ ಕಣ್ಣು ಶ್ವಾಸಕೋಶಕ್ಕೂ ಅಪಾಯ. ಬಳಸಿ ಅನುಭವ ಇರುವವರ ಜೊತೆ ನಿಂತು ಕಲಿಯದೆ ಮುಟ್ಟಬೇಡಿ. ಅದರ ಬದಲು ಹಗಲು ಬೆಳಕಿನಲ್ಲಿ ನಿಧಾನಕ್ಕೆ ರಾಣಿ ಹುಡುಕೋದನ್ನೇ ಕಲಿಯಿರಿ.

ಸಂಕ್ರಾಂತಿ ಹೊತ್ತಿಗೆ ಮತ್ತೊಮ್ಮೆ ಸಕ್ಕರೆ ಹಾಕಿ ಎಣಿಸಿ. ಹೊಸ ಕೋಶಗಳು ಮುಚ್ಚಲು 17ನೇ ತಾರೀಕಾದರೂ ಆಗಬೇಕು, ಅಲ್ಲಿಯವರೆಗೆ ಅಡಗಲು ನುಸಿಗೆ ಜಾಗವಿಲ್ಲ, ಹಾಗಾಗಿ ಆ ಎಣಿಕೆ ನಂಬಬಹುದು. ಆಗಲೂ ಮೂರು ನಾಲ್ಕು ಸಿಕ್ಕರೆ ಸಂಸಾರ ಕೋಣೆಗೆ ಒಂದು ಖಾಲಿ ಚೌಕಟ್ಟು ಕೊಡಿ, ಅದರಲ್ಲಿ ಗಂಡು ಎರಿ ಕಟ್ಟುತ್ತವೆ. ನುಸಿಗೆ ಗಂಡು ಕೋಶ ಅಂದ್ರೆ ಪ್ರಾಣ, ಹುಡುಕಿಕೊಂಡು ಹೋಗಿ ಅಲ್ಲೇ ಸೇರುತ್ತವೆ. ಕೋಶ ಮುಚ್ಚಿದ ಮೇಲೆ, ಗಂಡು ನೊಣ ಹೊರಬರುವ ಮುಂಚೆ, ಆ ಎರಿಯನ್ನು ಕೊಯ್ದು ಕೋಳಿಗಳ ಮುಂದೆ ಹಾಕಿ.