ಬೇವಿನ ಬೀಜದ ಕಷಾಯ, ಸೋಪಿನ ನೀರು ಮತ್ತು ಸ್ವಲ್ಪ ತಾಳ್ಮೆ

ಗಿಡದಲ್ಲಿ ಹುಳ ಕಂಡ ಕೂಡಲೇ "ಏನು ಹೊಡೆಯಲಿ?" ಅಂತ ಕೇಳುವವರೇ ಜಾಸ್ತಿ. ಯಾವ ಹುಳ ಅಂದರೆ ಸುಮ್ಮನಾಗುತ್ತಾರೆ. ಮೊದಲು ಎಲೆ ತಿರುವಿ ನೋಡಿ. ಗಿಡದ ಹೇನು, ಬಿಳಿನೊಣ, ಹಿಟ್ಟು ತಿಗಣೆ ಎಲ್ಲ ಹೆಚ್ಚಾಗಿ ಅಡಗಿರುವುದು ಅಡಿಭಾಗದಲ್ಲೇ. ಇವು ರಸ ಹೀರುತ್ತವೆ, ಎಲೆ ಮುದುಡಿ ಅಂಟಂಟಾಗುತ್ತದೆ. ಎಲೆ ತೂತಾಗಿದ್ದರೆ, ಅಂಚು ಕತ್ತರಿಸಿದ ಹಾಗಿದ್ದರೆ ಅದು ಕಡಿದು ತಿನ್ನುವ ಹುಳದ ಕೆಲಸ.

ರಸ ಹೀರುವ ಮೆತ್ತನೆ ಹುಳಕ್ಕೆ ಸೋಪಿನ ನೀರೇ ಸಾಕು. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಮೃದುವಾದ ದ್ರವ ಸೋಪು. ಬಟ್ಟೆ ಒಗೆಯುವ ಪುಡಿ ಬೇಡ, ಎಲೆ ಸುಟ್ಟು ಹೋಗುತ್ತದೆ. ಈ ನೀರು ಹುಳದ ಮೈಗೆ ತಾಗಿದರೆ ಮಾತ್ರ ಕೆಲಸ. ಒಣಗಿದ ಮೇಲೆ ಅದರಲ್ಲಿ ಏನೂ ಇಲ್ಲ. ಹಾಗಾಗಿ ಎಲೆಯ ಮೇಲ್ಭಾಗಕ್ಕೆ ಮಾತ್ರ ಹೊಡೆದರೆ ಸುಮ್ನೆ ನೀರು ದಂಡ.

ಕಡಿದು ತಿನ್ನುವವಕ್ಕೆ ನನ್ನ ನಂಬಿಕೆ ಬೇವಿನ ಬೀಜದ ಮೇಲೆ. ಎಲೆಯ ಕಷಾಯವೂ ಆಗುತ್ತದೆ, ಆದರೆ ಬೀಜದಷ್ಟು ಸತ್ವ ಎಲೆಯಲ್ಲಿ ಇಲ್ಲ. ಉದುರಿದ ಹಣ್ಣಿನ ತಿರುಳು ತೊಳೆದು, ಬೀಜವನ್ನು ನೆರಳಲ್ಲಿ ಚೆನ್ನಾಗಿ ಒಣಗಿಸಿ ಇಟ್ಟುಕೊಳ್ಳಿ. ಬೂಷ್ಟು ಹಿಡಿದದ್ದು, ತುಂಬಾ ಹಳೆಯದು ಬೇಡ. ಸಿಪ್ಪೆ ತೆಗೆದ ಬೀಜ 50 ಗ್ರಾಂ ತೂಗಿ, ತರಿತರಿಯಾಗಿ ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ ಒಂದು ಲೀಟರ್ ನೀರಲ್ಲಿ ಬೆಳಿಗ್ಗೆಯೇ ನೆನೆಹಾಕಿ. ಸಂಜೆ ಗಂಟನ್ನು ಚೆನ್ನಾಗಿ ಹಿಂಡಿ, ಸೋಸಿ, ನಾಲ್ಕು ಹನಿ ಸೋಪು ಸೇರಿಸಿ. ಸೋಸುವಾಗ ಸೋಮಾರಿತನ ಮಾಡಬೇಡಿ, ಸ್ಪ್ರೇಯರ್‌ನ ಮೂತಿ ಕಟ್ಟಿಕೊಂಡರೆ ಅರ್ಧ ಸಂಜೆ ಅದಕ್ಕೇ ಹೋಗುತ್ತದೆ. ಕುದಿಸಲೂ ಬೇಡಿ, ಬಿಸಿಗೆ ಸತ್ವ ಹೋಗುತ್ತದೆ.

ಸಂಜೆಯೇ ಹೊಡೆಯಬೇಕು, ಏಕೆ ಅಂದರೆ ಬೇವಿನಲ್ಲಿರುವ ಅಜಾಡಿರಕ್ಟಿನ್ ಎಂಬ ಸತ್ವ ಬಿಸಿಲಿಗೆ ಬೇಗ ಕೆಡುತ್ತದೆ. ಜೇನುನೊಣಗಳ ಓಡಾಟವೂ ಆಗ ಕಡಿಮೆ. ಮಾರನೆ ದಿನ ಹುಳ ಇನ್ನೂ ಜೀವಂತವಾಗಿರುತ್ತದೆ, ಗಾಬರಿ ಬೇಡ. ಬೇವು ತಕ್ಷಣ ಕೊಲ್ಲುವ ವಿಷವಲ್ಲ. ಹುಳ ತಿನ್ನುವುದನ್ನು ಬಿಡುತ್ತದೆ, ಪೊರೆ ಕಳಚಿ ಬೆಳೆಯಲು ಆಗದೆ ಸಾಯುತ್ತದೆ. ಮರಿ ಹುಳಕ್ಕೆ ನಾಟುವಷ್ಟು ಬಲಿತ ಹುಳಕ್ಕೆ ನಾಟುವುದಿಲ್ಲ, ಅದನ್ನು ಕೈಯಲ್ಲೇ ಆರಿಸಿ ತೆಗೆಯಬೇಕು. ವಾರಕ್ಕೊಮ್ಮೆ ಹೊಡೆಯಿರಿ, ನಡುವೆ ಜೋರು ಮಳೆ ಬಂದರೆ ಮತ್ತೊಮ್ಮೆ. ಮಾಡಿದ ಕಷಾಯ ಅಂದೇ ಮುಗಿಸಿ.

ಯಾವ ಮದ್ದೇ ಆಗಲಿ, ಮೊದಲು ಎರಡು ಎಲೆಗೆ ಹಾಕಿ ಒಂದು ದಿನ ಕಾಯಿರಿ. ಎಳೆ ಸಸಿ, ಬಾಡಿದ ಗಿಡಕ್ಕೆ ಬೇಡವೇ ಬೇಡ.

ಹೇನು ಇರುವ ಕಡೆ ಇರುವೆ ಸಾಲು ಇದೆಯಾ ನೋಡಿ. ಹೇನು ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳೇ ಅದನ್ನು ಕಾಯುತ್ತವೆ. ಇರುವೆ ದಾರಿ ತಪ್ಪಿಸಿದರೆ ಅರ್ಧ ಕೆಲಸ ಆಯಿತು. ಅದೇ ಕೊಂಬೆಯಲ್ಲಿ ಗುಲಗಂಜಿ ಹುಳ ಕಂಡರೆ ಸ್ಪ್ರೇಯರ್ ಕೆಳಗಿಡಿ. ಅದರ ಮರಿ ನೋಡಲು ಮುಳ್ಳುಮುಳ್ಳಾಗಿ ಗಿಡ ತಿನ್ನುವ ಹುಳದ ಹಾಗೇ ಇರುತ್ತದೆ, ಪಾಪ, ಜನ ಅದನ್ನೇ ಮೊದಲು ಹೊಸಕುತ್ತಾರೆ. ಅದು ತಿನ್ನುವುದು ಹೇನನ್ನು.

ಇನ್ನು ತಂಬಾಕಿನ ಕಷಾಯ. ಅದನ್ನು ನಾನು ಯಾರಿಗೂ ಹೇಳುವುದಿಲ್ಲ. ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುವ ವಿಷ. ಮೇಲಾಗಿ ತಂಬಾಕಿನಿಂದ ಟೊಮೆಟೊ, ಮೆಣಸಿನ ಗಿಡಕ್ಕೆ ನಂಜು ರೋಗವೂ ಅಂಟಬಹುದು.